ಸ್ಟ್ಯಾಂಡ್ ಬೈ ಎಂದವನು ಎಲ್ಲಿ ನಿಂತ?

"ಒಂದು ನಿಮಿಷ... ಯಾರು ನಿಲ್ಲಬೇಕು ಸರ್? ನರ್ಸಾ, ರೋಗಿಯಾ?"

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ ತರಬೇತಿ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಿರುವನಂತಪುರದ ಉಳ್ಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಂದು, ರೋಗಿಯ ಮೈಗೆ ನಳಿಕೆಯಲ್ಲಿ ಔಷಧಿ ಹರಿಸುವ ಹೊಸ ಪಂಪಿನ ಪ್ರಾತ್ಯಕ್ಷಿಕೆ ನಡೆಯುತ್ತಿತ್ತು. ಮೇಜಿನ ಪಕ್ಕ ನಿಂತು ವಿವರಿಸುತ್ತಿದ್ದ ಎಂಜಿನಿಯರ್ ಮಾತು ನಿಲ್ಲಿಸಿದ.

ಎದ್ದು ನಿಂತಿದ್ದವಳು ಕೃಪಾ. ದಾವಣಗೆರೆ ಕಡೆಯ ಹುಡುಗಿ. ಆ ಪಂಪು ತಯಾರಿಸುವ ಕೊಚ್ಚಿಯ ಕಂಪನಿಯಲ್ಲಿ ಕನ್ನಡ ಅನುವಾದಕಿ. ಕರ್ನಾಟಕದ ತಾಲೂಕು ಆಸ್ಪತ್ರೆಗಳಿಗೆ ಹೋಗಲಿದ್ದ ಪಂಪಿನ ಪರದೆಯಲ್ಲಿ ಕನ್ನಡ ಹೇಗೆ ಮೂಡುತ್ತದೆ ಎಂದು ನೋಡಲು ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಬಂದಿದ್ದಳು.

ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ 'ಪಕ್ಕದಲ್ಲಿ ನಿಲ್ಲಿ' ಎಂದಿತ್ತು.

ಕೆಲವರು ನಕ್ಕರು. ಎಂಜಿನಿಯರ್ ನಗಲಿಲ್ಲ. ಅದು ಸ್ಟ್ಯಾಂಡ್ ಬೈ ಎಂದು ಇಂಗ್ಲಿಷಿನಲ್ಲಿ ಹೇಳಿದ. ಪಂಪು ಸಿದ್ಧವಾಗಿ ಕಾಯುತ್ತಿದೆ, ಔಷಧಿ ಮಾತ್ರ ಹರಿಯುತ್ತಿಲ್ಲ, ಅಷ್ಟೇ ಅದರ ಅರ್ಥ. ಕಂಪ್ಯೂಟರ್ ಮಾಡಿದ ಅನುವಾದವನ್ನು ಯಾರೋ ಕೃಪಾಳಿಗೆ ತೋರಿಸದೆ ಹಾಗೆಯೇ ಹಾಕಿದ್ದರು.

"ಇದನ್ನ ಓದಿದ ನರ್ಸು ಔಷಧಿ ಹೋಗ್ತಿದೆ ಅಂದ್ಕೊಂಡು ಹಾಸಿಗೆ ಪಕ್ಕ ನಿಂತೇ ಇರ್ತಾಳೆ. ಆಮೇಲೆ ರೋಗಿ ಗತಿ?"

ಸಿಟ್ಟಿನಲ್ಲಿ ಕೃಪಾ ಕನ್ನಡಕ್ಕೇ ಹೊರಳಿದ್ದಳು. ಅವಳ ಅಮ್ಮ ಜಯಮ್ಮ ತಾಲೂಕು ಆಸ್ಪತ್ರೆಯೊಂದರಲ್ಲಿ ನರ್ಸು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಹೋಮ್‌ವರ್ಕ್ ಮಾಡುತ್ತ ಬೆಳೆದವಳು ಕೃಪಾ. ಹಿಂದಿನ ದಿನ ಪರದೆಯ ಪದಗಳ ಪಟ್ಟಿ ಕೈಗೆ ಬಂದೊಡನೆ ಫೋನಿನಲ್ಲಿ ಈ ಸಾಲು ಓದಿ ಹೇಳಿದಾಗ, ಪಕ್ಕದಲ್ಲಿ ನಿಲ್ಲು ಅಂದರೆ ನಿಲ್ಲುತ್ತಿದ್ದೆ ಕಣೇ, ಇನ್ನೇನು ಮಾಡಲಿ ಎಂದಿದ್ದರು ಅಮ್ಮ.

ಎಂಜಿನಿಯರ್ ಅವಳನ್ನೇ ನೋಡುತ್ತಿದ್ದ. ಅವಮಾನವಾದವರ ನೋಟವಲ್ಲ ಅದು. ಯಾವುದೋ ಕಿಟಕಿ ತೆರೆದಾಗ ಮುಖಕ್ಕೆ ಬೆಳಕು ಬಿದ್ದವರ ಹಾಗೆ...

'ಹೀಗೇಕೆ ನೋಡ್ತಾನೆ? ನಾನು ಹೇಳಿದ್ದು ಅರ್ಥ ಆಯ್ತೋ ಇಲ್ವೋ?'

ಅರ್ಥವಾಗಿತ್ತು. ಅಂದು ಮಧ್ಯಾಹ್ನ ತಂಪಾನೂರಿನ ರೈಲು ನಿಲ್ದಾಣದವರೆಗೂ ಅವನೇ ಹುಡುಕಿಕೊಂಡು ಬಂದ. ಹೆಸರು ಚಿನ್ಮಯ್, ಅವಳ ಕಂಪನಿಯದೇ ತಿರುವನಂತಪುರ ಶಾಖೆಯವನು. ಅಪ್ಪ ಗಣಪತಿ ಚಿತ್ರದುರ್ಗದಿಂದ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಮಗ ಹುಟ್ಟಿ ಬೆಳೆದದ್ದು ಇದೇ ನಗರದ ಶ್ರೀಕಾರ್ಯಂನಲ್ಲಿ. ಮನೆಯಲ್ಲಿ ಅಮ್ಮ ನಿರ್ಮಲ ಕನ್ನಡದಲ್ಲಿ ಮಾತಾಡಿದರೆ ಇವನ ಉತ್ತರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಕೇಳಿದ್ದೆಲ್ಲ ತಿಳಿಯುತ್ತದೆ, ಆಡಲು ಹೋದರೆ ನಾಲಿಗೆ ಹೊರಳುವುದಿಲ್ಲ ಎಂದ.

ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹಾಲಿಲ್ಲದ ಕಟ್ಟನ್ ಚಹಾ ಕುಡಿಯುತ್ತ ಕೃಪಾ ಅವನಿಗೆ ಆ ಇಂಗ್ಲಿಷ್ ಮಾತನ್ನು ಬಿಡಿಸಿ ಹೇಳಿದಳು.

"ಒಬ್ಬರ ಬೆನ್ನಿಗೆ ನಿಂತರೂ ಸ್ಟ್ಯಾಂಡ್ ಬೈ. ಆಡಿದ ಮಾತಿಗೆ ನಿಂತರೂ ಸ್ಟ್ಯಾಂಡ್ ಬೈ. ಯಂತ್ರ ಸುಮ್ಮನೆ ಕಾಯ್ತಾ ನಿಂತರೂ ಅದೇ. ಕಣ್ಣೆದುರು ಅನ್ಯಾಯ ಆಗ್ತಿದ್ರೆ ಕೈಕಟ್ಟಿ ನೋಡ್ತಾ ನಿಲ್ತಾರಲ್ಲ... ಅದಕ್ಕೂ ಅದೇ."

ಕೊನೆಯ ಎರಡನ್ನು ಅವನು ಮತ್ತೆ ಕೇಳಿ ತಿಳಿದುಕೊಂಡ. ಅಷ್ಟರಲ್ಲಿ ರೈಲು ಬಂತು. ಅವಳು ಹತ್ತಿ ಕುಳಿತ ಮೇಲೂ ಕಿಟಕಿಯ ಬಳಿ ನಿಂತೇ ಇದ್ದ.

ಆಮೇಲೆ ಪಂಪಿನ ಕೆಲಸಕ್ಕೆಂದು ಅವನು ಕೊಚ್ಚಿಗೆ ಪದೇ ಪದೇ ಬರತೊಡಗಿದ. ಸಂಜೆ ಇಬ್ಬರೂ ಎರ್ನಾಕುಳಂ ಜೆಟ್ಟಿಯಿಂದ ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಹೋಗುತ್ತಿದ್ದರು. ಅವಳದು ಕನ್ನಡ, ಅವನದು ಇಂಗ್ಲಿಷ್. ನಡುನಡುವೆ ಮಲಯಾಳ. ಅವಳು ಹರಟುತ್ತಿದ್ದರೆ ಅವನು ಅವಳ ತುಟಿಗಳನ್ನೇ ನೋಡುತ್ತ ಕೂರುತ್ತಿದ್ದ. ಪ್ರೀತಿ ಎಂದು ಯಾರೂ ಹೇಳಲಿಲ್ಲ. ಹೇಳದಿದ್ದರೂ ದೋಣಿಯಲ್ಲಿ ಅವನ ಪಕ್ಕದ ಜಾಗ ಅವಳದಾಯಿತು.

ಹೀಗಿರುವಾಗ ಕೊಚ್ಚಿಯ ಕಾಕ್ಕನಾಡಿನಲ್ಲಿದ್ದ ಕಂಪನಿಯ ಕಚೇರಿಯಲ್ಲಿ ಪಂಪಿನ ಬಗ್ಗೆ ಕೊನೆಯ ಸಭೆ ಕರೆದರು.

ಕರ್ನಾಟಕದ ಮಾರಾಟ ನೋಡಿಕೊಳ್ಳುತ್ತಿದ್ದವರು ರತ್ನಾಕರ, ಮಂಗಳೂರಿನವರು. ಪರದೆಯ ಒಂದು ಪದ ಬದಲಿಸಿದರೂ ಪರೀಕ್ಷೆಗಳನ್ನೆಲ್ಲ ಮೊದಲಿಂದ ಮಾಡಬೇಕು, ಪಂಪು ಕಳಿಸುವ ದಿನ ತಪ್ಪಿಹೋಗುತ್ತದೆ ಎನ್ನುವುದು ಅವರ ವಾದ. ಕೃಪಾ ಆ ಅನುವಾದಕ್ಕೆ ಒಪ್ಪಿಗೆಯ ಸಹಿ ಹಾಕುವುದಿಲ್ಲ ಎಂದು ಮೊದಲೇ ತಿಳಿಸಿದ್ದಳು. ಸಭೆಗೆ ಹೋಗುವ ಮುಂಚೆ ಚಿನ್ಮಯ್‌ನಿಂದ ಮೆಸೇಜು ಬಂತು. ಇಂಗ್ಲಿಷಿನಲ್ಲಿ ಹೆದರಬೇಡ ಎಂದು ಬರೆದು, ಐ ವಿಲ್ ಸ್ಟ್ಯಾಂಡ್ ಬೈ ಎಂದಿದ್ದ.

ಅವಳ ಎದೆ ತುಂಬಿತು. 'ಒಬ್ಬಳೇ ಅಲ್ಲ ನಾನು...'

ಸಭೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ರತ್ನಾಕರ ತಲೆ ಕೊಡವಿದರು.

"ನರ್ಸುಗಳಿಗೆಲ್ಲ ಇಂಗ್ಲಿಷ್ ಬರ್ತದೆ ಮಾರಾಯ್ತಿ. ಇದನ್ನು ಎಂತಕ್ಕೆ ಇಷ್ಟು ದೊಡ್ಡದು ಮಾಡೂದು?"

"ಬರೋದಾದ್ರೆ ಕನ್ನಡ ಯಾಕೆ ಹಾಕ್ತೀರಿ ಸರ್? ಅಲಂಕಾರಕ್ಕಾ?"

ಆಮೇಲೆ ಅವಳು ಚಿನ್ಮಯ್ ಕಡೆ ತಿರುಗಿದಳು. ಪಂಪಿನ ಎಂಜಿನಿಯರ್ ಇಲ್ಲೇ ಇದ್ದಾರೆ, ಅಪಾಯ ಇದೆಯೋ ಇಲ್ಲವೋ ಅವರೇ ಹೇಳಲಿ ಎಂದಳು.

ಅವನು ತಲೆ ತಗ್ಗಿಸಿ ಮೇಜನ್ನೇ ನೋಡುತ್ತಿದ್ದ. ಎಲ್ಲರೂ ಕಾದರು. ಅವನ ಬಾಯಿಂದ ಒಂದು ಮಾತೂ ಬರಲಿಲ್ಲ.

ಅಂದೇ ಕೃಪಾಳನ್ನು ಪಂಪಿನ ಅನುವಾದದ ಕೆಲಸದಿಂದ ತೆಗೆದರು.

ಸಂಜೆ ಅವನು ಜೆಟ್ಟಿಗೆ ಓಡಿಬಂದ. ವಾರ್ಡಿನಲ್ಲಿ ನರ್ಸುಗಳ ಜೊತೆ ಪ್ರಯೋಗ ಮಾಡುವುದು ಬಾಕಿ ಇದೆ, ಅದರ ಫಲಿತಾಂಶ ಬರುವ ತನಕ ತನ್ನ ಮಾತನ್ನು ಯಾರೂ ಕೇಳುವುದಿಲ್ಲ, ಬಂದ ತಕ್ಷಣ ಮುಂದೆ ಇಡುತ್ತಿದ್ದೆ, ಸಿದ್ಧವಾಗಿ ಕಾಯುತ್ತೇನೆ ಎಂದೇ ಮೆಸೇಜಿನಲ್ಲಿ ಬರೆದದ್ದು ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದ.

ಕೃಪಾ ಪೂರ್ತಿ ಕೇಳಿಸಿಕೊಂಡಳು.

"ನೀವು ಯಂತ್ರದ ಅರ್ಥದಲ್ಲಿ ಬರೆದ್ರಿ. ನಾನು ಮನುಷ್ಯರ ಅರ್ಥದಲ್ಲಿ ಓದ್ಕೊಂಡೆ. ತಪ್ಪು ನಂದೇ ಇರ್ಲಿ ಬಿಡಿ."

ದೋಣಿ ಬಂತು. ಅವಳು ಹತ್ತಿದಳು. ಬರಬೇಡಿ ಎಂದು ಕೈ ಅಡ್ಡ ಹಿಡಿದಳು. ದಡ ದೂರವಾದ ಮೇಲಷ್ಟೇ ಅವಳ ಕಣ್ಣು ತುಂಬಿದ್ದು... ಅದನ್ನು ಅವನು ನೋಡಲಿಲ್ಲ.

ಅವಳು ಅಳುತ್ತ ಕೂರುವವಳಲ್ಲ. ಪಂಪಿನ ಕೈಪಿಡಿಯಿಂದ ತನ್ನ ಹೆಸರು ತೆಗೆಯಿರಿ, ಇಲ್ಲವೇ ಪದ ಬದಲಿಸಿ ಎಂದು ಮೇಲಿನವರನ್ನೆಲ್ಲ ಕೇಳಿದಳು. ಉತ್ತರ ಬರಲಿಲ್ಲ. ಚಿನ್ಮಯ್ ಫೋನು ಮಾಡಿದರೆ ಎತ್ತಲಿಲ್ಲ.

ಕೆಲವು ವಾರಗಳ ನಂತರ, ಕರ್ನಾಟಕದ ನರ್ಸುಗಳ ತಂಡ ತರಬೇತಿಗೆಂದು ಕೊಚ್ಚಿಗೆ ಬಂದಿದೆ ಎಂದು ಕಚೇರಿಯ ಗೆಳತಿ ಪಾವನಾ ಹೇಳಿದಳು. ಕೃಪಾ ನೇರವಾಗಿ ತರಬೇತಿ ನಡೆಯುತ್ತಿದ್ದ ಸಭಾಂಗಣಕ್ಕೆ ನಡೆದಳು.

ರತ್ನಾಕರ ಬಾಗಿಲಲ್ಲೇ ತಡೆದರು. ಇಲ್ಲಿ ನಿನಗೆ ಕೆಲಸವಿಲ್ಲ, ಹೊರಗೆ ಹೋಗು ಎಂದರು.

"ಕೆಲಸದಿಂದ ಬೇಕಾದ್ರೆ ತೆಗೀರಿ ಸರ್. ಇವರು ನಮ್ಮಮ್ಮನ ಜೊತೆಯವರು. ಇವರು ಆ ಪರದೆ ಓದೋ ತನಕ ನಾನು ಇಲ್ಲಿಂದ ಕದಲಲ್ಲ."

ರತ್ನಾಕರ ಕಾವಲಿನವರನ್ನು ಕೂಗಿದರು. ನರ್ಸುಗಳು ಗಾಬರಿಯಿಂದ ನೋಡುತ್ತಿದ್ದರು.

ಆಗ ವೇದಿಕೆಯ ಮೇಲಿದ್ದ ಚಿನ್ಮಯ್ ಪಂಪಿನ ಗುಂಡಿ ಒತ್ತಿದ. ಪರದೆ ಬೆಳಗಿತು. ಅವನು ಮೈಕು ಕೆಳಗಿಟ್ಟು ಮುಂದಿನ ಸಾಲಿನಲ್ಲಿದ್ದ ಹಿರಿಯ ನರ್ಸ್ ಕಡೆ ಬಾಗಿದ. ಬಳ್ಳಾರಿಯ ಸುಬ್ಬಲಕ್ಷ್ಮಿ ಅವರು.

"ಅಕ್ಕಾ... ಇದನ್ನ ಓದು. ಔಷಧಿ ಹೋಗ್ತಾ ಇದ್ಯಾ? ನಿಂತಿದ್ಯಾ?"

ಕೃಪಾ ಬೆಚ್ಚಿದಳು. ಅವನು ಕನ್ನಡ ಆಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಸುಬ್ಬಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಓದಿದರು.

"ಹೊಂಟೈತಲ್ರಿ. ಪಕ್ಕದಾಗ ನಿಂತು ನೋಡ್ಕೋರಿ ಅಂತ ಹೇಳಾಕತ್ತೈತಿ."

ಚಿನ್ಮಯ್ ಪಂಪಿನ ನಳಿಕೆಯ ತುದಿಯನ್ನು ಖಾಲಿ ಲೋಟದ ಮೇಲೆ ಹಿಡಿದ. ಎಲ್ಲರೂ ಲೋಟವನ್ನೇ ನೋಡುತ್ತ ಕುಳಿತರು. ಒಂದು ಹನಿಯೂ ಬೀಳಲಿಲ್ಲ.

ಸುಬ್ಬಲಕ್ಷ್ಮಿಯವರ ಕೈ ತಾನಾಗಿ ಬಾಯಿಗೆ ಹೋಯಿತು.

ಚಿನ್ಮಯ್ ರತ್ನಾಕರ ಅವರ ಕಡೆ ತಿರುಗಿ, ತನ್ನ ಸಹಿ ಇಲ್ಲದೆ ಪಂಪು ಕಾರ್ಖಾನೆ ದಾಟುವಂತಿಲ್ಲ, ತಾನು ಸಹಿ ಹಾಕುವುದಿಲ್ಲ ಎಂದ. ಈ ಮಾತನ್ನು ಕೃಪಾ ಅಂದೇ ಹೇಳಿದ್ದಳು, ತಾನು ಬಾಯಿ ಬಿಡಲಿಲ್ಲ, ಅದು ಕಾಯುವಿಕೆಯಲ್ಲ, ಹೆದರಿಕೆ ಎಂದ. ಎಲ್ಲರೆದುರು, ದನಿ ತಗ್ಗಿಸದೆ.

ಪಂಪುಗಳು ಹೊರಡಲಿಲ್ಲ. ಪರದೆಯ ಸಾಲು 'ಔಷಧಿ ನಿಂತಿದೆ' ಎಂದಾಯಿತು. ಆ ಮಾತನ್ನು ಆರಿಸಿದ್ದು ನರ್ಸುಗಳೇ. ಕಂಪನಿ ಕೃಪಾಳನ್ನು ಮತ್ತೆ ಆ ಕೆಲಸಕ್ಕೆ ಕರೆಯಿತು. ಬಳಸುವವರು ಮೊದಲು ಓದದ ಯಾವ ಪದವನ್ನೂ ಪರದೆಗೆ ಹಾಕುವುದಿಲ್ಲ ಎಂದು ಒಪ್ಪಿಸಿಕೊಂಡ ಮೇಲೆಯೇ ಅವಳು ಹೋದದ್ದು. ಚಿನ್ಮಯ್‌ನನ್ನು ಮಾತ್ರ ಪಂಪಿನ ವಿನ್ಯಾಸದಿಂದ ತೆಗೆದು ತಿರುವನಂತಪುರದ ರಿಪೇರಿ ವಿಭಾಗಕ್ಕೆ ಹಾಕಿದರು. ಅವನು ಆಮೇಲೆ ಒಮ್ಮೆಯೂ ಫೋನು ಮಾಡಲಿಲ್ಲ.

ಒಂದು ಭಾನುವಾರ ಕೃಪಾ ತಾನೇ ರೈಲು ಹತ್ತಿದಳು.

ಶ್ರೀಕಾರ್ಯಂನ ಮನೆಯ ಅಂಗಳದಲ್ಲಿ ಅವನು ಹಳೆಯ ಫ್ಯಾನು ಬಿಚ್ಚಿಟ್ಟುಕೊಂಡು ಕುಳಿತಿದ್ದ. ಗೇಟಿನ ಸದ್ದಿಗೆ ತಲೆಯೆತ್ತಿದವನು ಎದ್ದ. ಕೈಯಲ್ಲಿ ಗ್ರೀಸು ಮೆತ್ತಿತ್ತು. ಒಳಗಿನಿಂದ ಬಂದ ಅವನ ಅಮ್ಮ ನಿರ್ಮಲ ಇಬ್ಬರನ್ನೂ ಒಮ್ಮೆ ನೋಡಿ ಅಡುಗೆಮನೆಗೆ ಮರಳಿದರು.

"ಕ್ಷಮಿಸೋಕೆ ಬಂದಿಲ್ಲ ನಾನು," ಎಂದಳು ಕೃಪಾ. "ಅವತ್ತು ಸಭೇಲಿ ಯಾಕೆ ಹೆದರಿದ್ರಿ ಅಂತ ಕೇಳೋಕೆ ಬಂದೆ. ಕನ್ನಡದಲ್ಲೇ ಹೇಳಿ. ಇಂಗ್ಲಿಷ್ ಬೇಡ."

ಅವನು ಒಂದೊಂದೇ ಪದ ಹುಡುಕಿ ಹೇಳಿದ.

"ಕೆಲಸ ಹೋಗುತ್ತೆ ಅಂತ ಹೆದರಿದೆ. ಆಮೇಲೆ... ಕೆಲಸ ಇತ್ತು. ನೀನು ಇರ್ಲಿಲ್ಲ."

ನೀನು. ಆ ಪದಕ್ಕೆ ಅವಳು ಹುಬ್ಬೇರಿಸಿದಳು. ಅವನು ತಬ್ಬಿಬ್ಬಾದ.

"ತಪ್ಪಾಯ್ತಾ? ನಂಗೆ ಅಮ್ಮನ ಕನ್ನಡ ಮಾತ್ರ ಬರೋದು. ಬಾ, ಉಣ್ಣು, ಹುಷಾರು, ಬಿಸಿಲಲ್ಲಿ ನಿಲ್ಬೇಡ... ಇಷ್ಟೇ. ಪ್ರೀತಿ ಮಾಡೋ ಕನ್ನಡ ಯಾರೂ ಹೇಳ್ಕೊಟ್ಟಿಲ್ಲ."

ಕೃಪಾಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೂ ತುಂಬಿತು.

"ಅದಕ್ಕೆ ಬೇರೆ ಕನ್ನಡ ಇಲ್ಲ ಚಿನ್ಮಯ್. ಇದೇ ಅದು."

ಅವಳು ಕಣ್ಣೊರೆಸಿಕೊಂಡು ಗದ್ದ ಎತ್ತಿದಳು.

"ಇನ್ನೊಂದು ಸಲ ಎಲ್ಲರೆದುರು ಬಾಯಿ ಮುಚ್ಕೊಂಡು ಕೂತ್ರೆ, ತಿರುಗಿ ಕೂಡ ನೋಡಲ್ಲ ನಾನು."

"ಗೊತ್ತು."

"ಗೊತ್ತಿದ್ರೆ ಸರಿ. ಈಗ ಏನು ಹೇಳ್ಬೇಕೋ ಹೇಳು."

ಅವನು ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳತ್ತ ಚಾಚಿದ.

"ಬಾ... ಬಿಸಿಲಲ್ಲಿ ನಿಲ್ಬೇಡ."

"ಬಂದೆ ಕಣೋ," ಎಂದಳು ಕೃಪಾ.