ಹನ್ನೆರಡು ಜೇಬಿನ ಬಟ್ಟೆ

ಫೆಬ್ರವರಿ ಒಂದರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ದರ್ಜಿ ಹೆಂಗಸೊಬ್ಬಳು ಠಾಣೆಗೆ ಬಂದು, ಕಂಕುಳಲ್ಲಿದ್ದ ಬಟ್ಟೆಯ ಸುರುಳಿಯನ್ನು ರೈಟರ್ ಮೇಜಿನ ಮೇಲೆ ಹಾಸಿದಳು.

“ಕಳ್ಳತನ ಆಗಿದೆ ಸಾರ್. ಆದ್ರೆ ಕಳುವಾದ ವಸ್ತು ಇಲ್ಲೇ ಇದೆ.”

ಠಾಣೆಯ ಬರವಣಿಗೆಯೆಲ್ಲ ನೋಡುವ ಹೆಡ್ ಕಾನ್‌ಸ್ಟೇಬಲ್‌ಗೆ ರೈಟರ್ ಎನ್ನುತ್ತಾರೆ. ಈ ಠಾಣೆಯ ರೈಟರ್‌ಗೆ ಇನ್ನೊಂದು ಹೆಸರೂ ಇತ್ತು: ಇನ್ನೊಂದ್ಸಲ. ಬರೆದದ್ದನ್ನೆಲ್ಲ “ಇನ್ನೊಂದ್ಸಲ ನೋಡ್ತೀನಿ ಮೇಡಂ” ಎಂದು ಮತ್ತೆ ಓದುತ್ತಿದ್ದ ಕಾರಣ ಬಂದ ಹೆಸರು. ಐದಾರು ವರ್ಷದ ಹಿಂದೆ, ಕೆಲಸದ ಜೊತೆಗೇ, ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವನು. ಎಲ್ಲಿ ತಪ್ಪಾಗಿಬಿಡುತ್ತದೋ ಎಂಬ ಪುಕುಪುಕು ಹದಿನಾರು ವರ್ಷದ ಸರ್ವಿಸ್ ಆದರೂ ಹೋಗಿರಲಿಲ್ಲ.

ಅವನು ಬಟ್ಟೆಯನ್ನು ನೋಡಿದ. ದಪ್ಪ ನೀಲಿ ಬಟ್ಟೆ, ಸಾಲಿಗೆ ನಾಲ್ಕರಂತೆ ಮೂರು ಸಾಲು ಪುಟ್ಟ ಜೇಬುಗಳು. ಪ್ರತಿ ಜೇಬಿನಲ್ಲಿ ಒಂದೊಂದು ಪ್ಲಾಸ್ಟಿಕ್ ಕಾರ್ಡ್. ಜೇಬಿನ ಅಂಚಿಗೆ ಹಸಿರು ದಾರದಲ್ಲಿ ಒಂದು ತಾರೀಕು, ಕೆಂಪು ದಾರದಲ್ಲಿ ಇನ್ನೊಂದು. ಅಕ್ಷರ ಅಚ್ಚು ಹಾಕಿದಂತಿತ್ತು.

“ಇದೇನಮ್ಮ ಇದು?”

“ಬೋನಸ್ ಕಾರ್ಡು ಸಾರ್. ವರ್ಷದ ಕೊನೇಲಿ ರಜೆ ಸೀಸನ್‌ನಲ್ಲಿ ದೊಡ್ಡ ಅಂಗಡೀಲಿ ಐದು ಸಾವಿರದ ಗಿಫ್ಟ್ ಕಾರ್ಡ್ ತಗೊಂಡ್ರೆ, ಸಾವಿರದ ಬೋನಸ್ ಕಾರ್ಡ್ ಪುಕ್ಕಟೆ ಕೊಡ್ತಾರೆ. ಹಸಿರು ದಾರ ಅದು ಶುರುವಾಗೋ ದಿನ. ಕೆಂಪು ದಾರ ಸಾಯೋ ದಿನ. ಜನವರಿ ಮೂವತ್ತೊಂದು.”

“ಹನ್ನೆರಡು ಸಲ ಐದು ಸಾವಿರ ಹಾಕಿದ್ರಾ?”

“ನನ್ನ ಹತ್ರ ಎಲ್ಲಿಂದ ಬರಬೇಕು ಸಾರ್! ನಮ್ಮ ಬೀದಿಯವರು ಹೇಗೂ ಆ ಅಂಗಡೀಲೇ ವರ್ಷದ ಸಾಮಾನು ತಗೋತಾರೆ. ದುಡ್ಡು ಅವರದು, ಗಿಫ್ಟ್ ಕಾರ್ಡೂ ಅವರಿಗೇ. ಬೋನಸ್ ಮಾತ್ರ ನನಗೆ ಕೊಡಿ ಅಂದೆ, ನನ್ನ ಫೋನ್ ನಂಬರಿಗೇ ಬರೆಸ್ದೆ. ಅವರಾದ್ರೆ ಡ್ರಾಯರ್‌ಗೆ ಎಸೆದು ಮರೀತಿದ್ರು. ಬದಲಿಗೆ ಮನೆಗೊಂದು ಪ್ಯಾಂಟಿಗೆ ಜಿಪ್ ಹಾಕಿಕೊಟ್ಟೆ.”

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಮೇಡಂ ತಮ್ಮ ಕೋಣೆಯಿಂದ ಹೊರಬಂದು ಹಿಂದೆ ನಿಂತಿದ್ದರು. “ಜನವರಿ ಒಂದರಿಂದಾನೇ ನಡೀತಿತ್ತಲ್ಲ. ಕೊನೇ ದಿನದವರೆಗೂ ಯಾಕೆ ಇಟ್ಕೊಂಡ್ರಿ?”

“ಕೊನೇ ದಿನ ಸಂಜೆ ಆರರಿಂದ ಕಾಲು ಭಾಗ ಕಡಿತ ಮೇಡಂ, ಪ್ರತಿ ವರ್ಷ. ಬೇರೆ ರಿಯಾಯಿತಿ ಜೊತೆ ಬೋನಸ್ ಕಾರ್ಡ್ ನಡೆಯಲ್ಲ, ಆ ಒಂದು ಕಡಿತಕ್ಕೆ ಮಾತ್ರ ನಡೆಯುತ್ತೆ. ಕಾರ್ಡಿನ ಹಿಂದೆ ಇರುವೆ ಸಾಲಿನ ಹಾಗೆ ಬರೆದಿರ್ತಾರೆ. ನಾನು ಓದಿದ್ದೀನಿ.”

ರೈಟರ್ ಒಂದು ಕಾರ್ಡು ತಿರುಗಿಸಿ ನೋಡಿದ. ಇಷ್ಟು ಸಣ್ಣ ಅಕ್ಷರವನ್ನು ತಾನಲ್ಲದೆ ಇನ್ನೊಬ್ಬರು ಓದುತ್ತಾರೆಂದು ಅವನಿಗೆ ತಿಳಿದಿರಲಿಲ್ಲ. ಇಂಥದೊಂದು ಕಾರ್ಡು ತನಗೂ ಎಂದೋ ಬಂದ ನೆನಪು. ಎಲ್ಲಿಟ್ಟನೋ.

“ಏನು ತಗೋಬೇಕು ಅಂತಿದ್ರಿ?” ಮೇಡಂ ಕೇಳಿದರು.

“ಅಂಚು ಹೊಲಿಯೋ ಮೆಷಿನ್, ಓವರ್‌ಲಾಕ್. ಆಸ್ಪತ್ರೆಯಿಂದ ನೂರೆಂಬತ್ತು ಗೌನಿನ ಆರ್ಡರ್ ಬಂದಿದೆ, ಹದಿನೈದನೇ ತಾರೀಕಿಗೆ ಕೊಡಬೇಕು. ಚೆನ್ನಾಗಿ ಕೊಟ್ರೆ ವರ್ಷಪೂರ್ತಿ ಕೆಲಸ ನನಗೇ. ನಾನೂ ತಂಗೀನೂ ಕೈಯಲ್ಲಿ ಅಂಚು ಹೊಲಿದ್ರೆ ದಿನಕ್ಕೆ ಐದಾಗುತ್ತೆ. ಕಡಿತದಲ್ಲಿ ಮೆಷಿನ್ ತಗೊಂಡ್ರೆ, ಮಿಕ್ಕಿದ್ದರಲ್ಲಿ ಅಷ್ಟೂ ಗೌನಿಗೆ ದಾರ ಬರ್ತಿತ್ತು.” ಅವಳು ಬಟ್ಟೆಯ ಅಂಚನ್ನು ಸರಿಮಾಡಿದಳು. “ನಿನ್ನೆ ಐದು ಗಂಟೆಗೆ ಹೋಗಿ ನೋಡ್ದೆ. ಒಂದೇ ಮೆಷಿನ್ ಉಳಿದಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಆರಾಗಲಿ ಅಂತ ಕಾದೆ. ಆರಕ್ಕೆ ಮೇಲೆ ಹೋದ್ರೆ ಮೆಷಿನ್ ಇಲ್ಲ. ಹೋಗ್ಲಿ, ದಾರವಾದ್ರೂ ತಗೊಳ್ಳೋಣ ಅಂತ ಕೌಂಟರಿಗೆ ಬಂದೆ. ಹನ್ನೆರಡು ಕಾರ್ಡಲ್ಲೂ ಸೊನ್ನೆ.”

ಹತ್ತೂ ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ ಹತ್ತೊಂಬತ್ತು. ಬಟ್ಟೆ ಮತ್ತು ಕಾರ್ಡುಗಳ ಪಂಚನಾಮೆ ಮಾಡುವಾಗ ರೈಟರ್ ಭೂತಗನ್ನಡಿ ಹಿಡಿದು ಒಂದೊಂದೇ ಕಾರ್ಡಿನ ಗುಪ್ತಸಂಖ್ಯೆಯ ಮೇಲಿನ ಬೆಳ್ಳಿಪಟ್ಟಿ ನೋಡಿದ. ಒಂದನ್ನೂ ಗೀರಿರಲಿಲ್ಲ.

“ಇನ್ನೊಂದ್ಸಲ ನೋಡ್ತೀನಿ ಮೇಡಂ.”

“ನೋಡ್ರಿ ಮಹಾರಾಯರೇ.”

ಎರಡನೇ ಸಲವೂ ಹಾಗೇ ಇತ್ತು. ಪಟ್ಟಿ ಗೀರದೆ ಹೊರಗಿನವರಿಗೆ ಆ ಸಂಖ್ಯೆ ತಿಳಿಯುವ ದಾರಿಯೇ ಇಲ್ಲ, ಅದಿಲ್ಲದೆ ಕಾರ್ಡು ನಡೆಯುವುದೂ ಇಲ್ಲ. “ಹಾಗಿದ್ರೆ ಅಂಗಡಿ ಒಳಗಿನವರೇ” ಎಂದರು ಮೇಡಂ.

ಹನ್ನೆರಡೂ ಕಾಲಿಗೆ ಅವರಿಬ್ಬರೂ ಒಬ್ಬ ಕಾನ್‌ಸ್ಟೇಬಲ್ ಜೊತೆ ಅಂಗಡಿಯ ಐದನೇ ಮಹಡಿಯಲ್ಲಿದ್ದರು. ಮ್ಯಾನೇಜರ್ ಟೈ ಸರಿಮಾಡಿಕೊಂಡು, ಕಂಪ್ಯೂಟರ್‌ನಲ್ಲಿ ತಪ್ಪಾಗುವ ಪ್ರಶ್ನೆಯೇ ಇಲ್ಲ ಎಂದ. ಮೇಡಂ ಸುಮ್ಮನೆ ಕುಳಿತರು. ಅವರು ಸುಮ್ಮನೆ ಕುಳಿತರೆ ಎದುರಿನವರು ಬೇಗ ಹಾಳೆ ಮುದ್ರಿಸಿ ತರುತ್ತಾರೆ, ಮ್ಯಾನೇಜರೂ ತಂದ.

ಹನ್ನೆರಡು ಕಾರ್ಡುಗಳೂ ಹಿಂದಿನ ದಿನ ಸಂಜೆ ಐದೂ ಹತ್ತಕ್ಕೆ ಒಂದೇ ಬಿಲ್ಲಿನಲ್ಲಿ ಖರ್ಚಾಗಿದ್ದವು. ಕೌಂಟರಿನಲ್ಲಲ್ಲ, ಆಫೀಸಿನ ಕಂಪ್ಯೂಟರಿನಲ್ಲಿ.

“ಅಲ್ಲಿ ಗುಪ್ತಸಂಖ್ಯೆ ಬೇಡ್ವಾ?”

“ಬೇಡ ಮೇಡಂ. ಅದು ಕಾರ್ಡ್ ಸೆಕ್ಷನ್. ಕೊನೇ ದಿನ ಐದಕ್ಕೆ ಬಳಸದ ಕಾರ್ಡುಗಳ ಸಂಖ್ಯೆಯ ಪಟ್ಟಿ ಬರುತ್ತೆ. ಸಂಖ್ಯೆ ಒತ್ತಿದ್ರೆ ಮಾಲೀಕರ ಫೋನ್ ನಂಬರ್, ಹಳೇ ಬಿಲ್ಲು ಎಲ್ಲಾ ಕಾಣುತ್ತೆ. ಅಂಗಡಿ ಮುಚ್ಚುವಾಗ ಎಲ್ಲಾ ರದ್ದು ಮಾಡ್ತಾರೆ.”

“ಎಷ್ಟು ಕಾರ್ಡ್ ಹಾಗೆ ಉಳಿಯುತ್ತೆ?”

ಮ್ಯಾನೇಜರ್ ನಕ್ಕ. “ಮೂರರಲ್ಲಿ ಒಂದು ಅಂತಿಟ್ಕೊಳ್ಳಿ. ಮರೆಯೋವರಿಂದಾನೇ ಮೇಡಂ ಈ ಸ್ಕೀಮ್ ನಡೆಯೋದು.”

ಮೇಡಂ ನಗಲಿಲ್ಲ. “ಅಲ್ಲಿ ಯಾರು ಕೂರೋದು?”

“ಅಯ್ಯೋ, ಅವರ ಮೇಲೆ ಅನುಮಾನ ಬೇಡ. ಹತ್ತೊಂಬತ್ತು ವರ್ಷದಿಂದ ಇದ್ದಾರೆ. ಒಂದು ಪೆನ್ನೂ ಮನೆಗೆ ಒಯ್ದವರಲ್ಲ. ಇವತ್ತು ರಜೆ. ಪ್ರತಿ ವರ್ಷ ಫೆಬ್ರವರಿ ಒಂದು ರಜೆ ಹಾಕ್ತಾರೆ.”

ರೈಟರ್ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಕೇಳಬಹುದೋ ಬಾರದೋ ಎಂದು ಅಷ್ಟು ಹೊತ್ತು ಒದ್ದಾಡುತ್ತಿದ್ದ ಪ್ರಶ್ನೆಯೊಂದಿತ್ತು. “ಸಾರ್, ಆ ಹನ್ನೆರಡು ಸಾವಿರಕ್ಕೆ ಏನು ತಗೊಂಡಿದ್ದಾರೆ?”

ಮ್ಯಾನೇಜರ್ ಬಿಲ್ ತಿರುಗಿಸಿದ. ಓವರ್‌ಲಾಕ್ ಮೆಷಿನ್ ಒಂದು. ಮೆಷಿನ್ ಎಣ್ಣೆಯ ಡಬ್ಬಿ ಒಂದು. ಸೂಜಿ ಪ್ಯಾಕೆಟ್ ಒಂದು. ಕೂಡಿದರೆ ಸರಿಯಾಗಿ ಹನ್ನೆರಡು ಸಾವಿರ, ಒಂದು ಬಿಡಿಕಾಸೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ರೈಟರ್ ಆ ಬಿಲ್ಲನ್ನು ಇನ್ನೊಂದು ಸಲ ಓದಿದ. ಕೆಳಗೆ ಮೆಟ್ಟಿಲ ಮೇಲೆ ದರ್ಜಿ ಹೆಂಗಸು ಆ ಮೆಷಿನ್ನಿಗಾಗಿ ಕಾಯುತ್ತ ಕೂತಿದ್ದಾಗಲೇ, ಮೇಲೆ ಯಾರೋ ಅವಳ ಕಾರ್ಡುಗಳಿಂದ ಅದೇ ಮೆಷಿನ್ ಕೊಂಡಿದ್ದರು.

ಹಿಂದಿನ ಬಾಗಿಲಿನ ಗೇಟ್ ರಿಜಿಸ್ಟರ್‌ನಲ್ಲಿ ಐದೂ ಐವತ್ತಕ್ಕೆ ಡೆಲಿವರಿ ವ್ಯಾನ್ ಹೊರಟದ್ದು ದಾಖಲಾಗಿತ್ತು. ‘ಕಾರ್ಡ್ ಸೆಕ್ಷನ್ ಮೇಡಂ, ಸ್ವಂತ ಸಾಮಾನು, ಮೂವತ್ತೆರಡು ನಗ. ವ್ಯಾನ್ ಬಾಡಿಗೆ ಕೊಟ್ಟಿರುತ್ತಾರೆ.’ ಕಾನ್‌ಸ್ಟೇಬಲ್ ಹಳೆಯ ರಿಜಿಸ್ಟರ್‌ಗಳನ್ನು ತೆಗೆಸಿದ. ಏಳು ವರ್ಷ, ಅದೇ ತಾರೀಕು, ಅದೇ ವ್ಯಾನ್.

“ಏಳು ವರ್ಷ ಕದ್ದರೂ ಒಂದು ದೂರು ಬಂದಿಲ್ವಲ್ಲ ಮೇಡಂ!” ಕಾನ್‌ಸ್ಟೇಬಲ್ ಬಾಯಿಬಿಟ್ಟ.

“ಮರೆತವರು ದೂರು ಕೊಡ್ತಾರೇನ್ರಿ?”

ಸಂಜೆ ನಾಲ್ಕೂ ಐದಕ್ಕೆ, ಸರ್ಚ್ ವಾರಂಟ್‌ನೊಂದಿಗೆ, ಮೂರನೇ ಮಹಡಿಯ ಎರಡು ಕೋಣೆಯ ಮನೆಯ ಮುಂದೆ ನಿಂತರು. ಪಂಚರಾಗಿ ಕೆಳಮನೆಯ ಕ್ಷೌರಿಕ, ಎದುರುಮನೆಯ ನರ್ಸ್. ಬಾಗಿಲು ತೆರೆದ ಹೆಂಗಸಿಗೆ ಐವತ್ತು ದಾಟಿತ್ತು. ಕೈಯಲ್ಲಿ ಕತ್ತರಿ ಮತ್ತು ಅಂಟುಪಟ್ಟಿ, ಮೂಗಿನ ಮೇಲೆ ಜಾರಿದ ಕನ್ನಡಕ. ಸಮವಸ್ತ್ರ ನೋಡಿ ಕನ್ನಡಕ ಮೇಲೆ ತಳ್ಳಿದಳು.

“ಒಳಗೆ ಬನ್ನಿ. ಜಾಗ ಕಡಿಮೆ, ನಿಧಾನ.”

ಜಾಗ ನಿಜವಾಗಿಯೂ ಇರಲಿಲ್ಲ. ಮೊದಲ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಕಾನ್‌ಸ್ಟೇಬಲ್ ಎರಡನೇ ಕೋಣೆಯ ಬಾಗಿಲು ತೆರೆದ. ಕ್ಷೌರಿಕ ತಲೆಯ ಮೇಲಿನ ಟೋಪಿ ತೆಗೆದ.

ನೆಲದಿಂದ ಸೂರಿನವರೆಗೆ ಹಲಗೆಗಳು. ಹಲಗೆಗಳ ತುಂಬ ಪೆಟ್ಟಿಗೆಗಳು, ಕೆಲವು ಬಣ್ಣಗೆಟ್ಟು, ಕೆಲವು ನಿನ್ನೆಯ ಹೊಳಪಿನಲ್ಲಿ. ಯಾವುದೂ ಬಿಚ್ಚಿರಲಿಲ್ಲ. ಎಲ್ಲದರ ಮೇಲೂ ಬಿಳಿ ಚೀಟಿ. ಚೀಟಿಯ ಮೇಲೆ ಕಾರ್ಡ್ ಸಂಖ್ಯೆ, ಮಾಲೀಕರ ಫೋನ್ ನಂಬರ್, ಕೆಳಗೆ ದುಂಡಗಿನ ಕೈಬರಹದಲ್ಲಿ ಒಂದೆರಡು ಸಾಲು.

ರೈಟರ್ ಓದುತ್ತಾ ಹೋದ. ‘ಕೆಟಲ್ಲಿನ ಮುಚ್ಚಳ ಮೂರು ಸಲ ಕೊಂಡಿದ್ದಾರೆ. ಕೆಟಲ್ಲೇ ಹಳೆಯದಿರಬೇಕು.’ ಅಲ್ಲಿ ಹೊಸ ಕೆಟಲ್ ಇತ್ತು. ‘ಎರಡು ವರ್ಷ ಒಂದೇ ಅಳತೆಯ ಮಕ್ಕಳ ಶೂ. ಆಮೇಲೆ ಕೊಂಡಿಲ್ಲ. ಕೇಳಬಾರದು.’ ಅಲ್ಲಿ ದೊಡ್ಡವರ ಒಂದು ಉಣ್ಣೆಯ ಶಾಲು ಇತ್ತು. ‘ಸದಾ ಒಂದೇ ತಟ್ಟೆ ಕೊಳ್ಳುತ್ತಾರೆ.’ ಅಲ್ಲಿ ಎರಡು ತಟ್ಟೆಗಳಿದ್ದವು.

ಇನ್ನೂರ ಹದಿನೆಂಟು ಪೆಟ್ಟಿಗೆ. ಯಾರದೋ ಮರೆತ ಕಾರ್ಡು, ಅದರ ಹಿಂದೆ ಯಾರದೋ ಒಂದು ಬದುಕು, ಆ ಬದುಕನ್ನು ಬಿಲ್ಲುಗಳಿಂದಲೇ ಓದಿ ತಿಳಿದ ಒಬ್ಬಳು. ಅವನಿಗೆ ಕೋಣೆಯಲ್ಲಿ ಜೋರಾಗಿ ಉಸಿರಾಡಲೂ ಸಂಕೋಚವಾಯಿತು.

ಪಂಚನಾಮೆ ನಡೆಯಿತು. ನಲವತ್ತೊಂದನೆಯ ಐಟಂ ಓದುವ ದೀಪ. ಚೀಟಿ: ‘ಪರೀಕ್ಷೆಯ ಗೈಡು, ನೋಟ್‌ಬುಕ್ಕು, ಸಂಜೆ ಏಳರ ನಂತರದ ಬಿಲ್ಲು. ಕೆಲಸ ಮಾಡಿಕೊಂಡು ಓದುವವರು. ಕಣ್ಣು ಜೋಪಾನ.’

ಫೋನ್ ನಂಬರ್ ಅವನದು.

ಎರಡು ಸಲ ಓದಿದ. ಮೂರನೆಯ ಸಲ ಅಕ್ಷರ ಕಲಸಿಹೋಯಿತು.

“ಮೇಡಂ... ನಲವತ್ತೊಂದು ನಂದು. ನಾನು ಈ ಪಂಚನಾಮೆ ಬರೀಬಹುದೋ ಬಾರದೋ...”

ಮೇಡಂ ಚೀಟಿ ಓದಿ, ಅವನ ಮುಖ ನೋಡಿದರು. “ಪೆನ್ನು ಕಾನ್‌ಸ್ಟೇಬಲ್‌ಗೆ ಕೊಡಿ. ನೀವು ಹೇಳಿಕೆ ಕೊಡೋ ಸಾಕ್ಷಿ ಈಗ. ಎಲ್ಲಾನೂ ಎರಡು ಸಲ ನೋಡೋರು ಇದನ್ನ ಒಂದ್ಸಲಾನೂ ನೋಡ್ಲಿಲ್ವೇನ್ರಿ?”

ಆಮೇಲೆ ಆ ಹೆಂಗಸಿನ ಕಡೆ ತಿರುಗಿದರು. “ಇದು ಕಳ್ಳತನ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾಕೆ ತಲುಪಿಸ್ಲಿಲ್ಲ?”

“ತಲುಪಿಸಿದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಹೆದರಿಕೆ. ಪ್ರತಿ ಫೆಬ್ರವರಿ ಒಂದಕ್ಕೆ ಚೀಟಿ ಅಂಟಿಸ್ತೀನಿ, ಈ ವರ್ಷ ಕೊಟ್ಟುಬಿಡೋಣ ಅಂತ. ಸಂಜೆ ಹೊತ್ತಿಗೆ ಧೈರ್ಯ ಹೋಗಿರುತ್ತೆ.”

“ಸಾವಿರಾರು ಕಾರ್ಡು ರದ್ದಾಗುತ್ತಲ್ಲ. ಇಷ್ಟೇ ಯಾಕೆ?”

“ಐದಕ್ಕೆ ಪಟ್ಟಿ ಬರುತ್ತೆ. ಐದೂ ಮುಕ್ಕಾಲಿಗೆ ವ್ಯಾನಿಗೆ ತುಂಬಬೇಕು. ಅಷ್ಟರಲ್ಲಿ ಎಷ್ಟು ಜನಕ್ಕೆ ಆಗುತ್ತೋ ಅಷ್ಟೇ.” ಕ್ಷಮೆ ಕೇಳುವವಳಂತೆ ಹೇಳಿದಳು.

ಮೆಷಿನ್ನಿನ ಪೆಟ್ಟಿಗೆ ಬಾಗಿಲ ಹಿಂದೆಯೇ ಇತ್ತು. ಚೀಟಿಯ ಅಂಟು ಇನ್ನೂ ಹಸಿ: ‘ದಾರ ಬಹಳ ಕೊಳ್ಳುತ್ತಾರೆ. ಅಂಚನ್ನು ಕೈಯಲ್ಲೇ ಹೊಲಿಯುತ್ತಾರೆ ಅನ್ನಿಸುತ್ತೆ. ಮರೆತಿದ್ದಾರೆ.’

“ಇವರು ಮರೆತಿರಲಿಲ್ಲ” ಎಂದರು ಮೇಡಂ. “ಆರು ಗಂಟೆ ಕಡಿತಕ್ಕೆ ಕಾಯ್ತಾ ಇದ್ರು. ನಿಮ್ಮ ಅಂಗಡಿ ಮೆಟ್ಟಿಲ ಮೇಲೇ.”

ಅವಳು ಕುರ್ಚಿ ಹುಡುಕಿ ಕುಳಿತಳು. ಪೊಲೀಸರು ಬಾಗಿಲಿಗೆ ಬಂದಾಗಲೂ ಬಾಡದಿದ್ದ ಮುಖ ಈಗ ಬಾಡಿತು.

“ಒಂದೇ ನಂಬರಿನಲ್ಲಿ ಹನ್ನೆರಡು. ಒಂದು ಕಾರ್ಡು ಯಾರಾದ್ರೂ ಮರೀತಾರೆ. ಹನ್ನೆರಡು ಯಾರು ಮರೀತಾರೆ? ನನಗೆ ಹೊಳೀಬೇಕಿತ್ತು.” ಆಮೇಲೆ ತಲೆಯೆತ್ತಿ, “ಅವರಿಗೆ ಕೆಲಸ ಏನಾದ್ರೂ ನಿಂತುಹೋಯ್ತಾ?”

“ನಿಂತಿದೆ. ಹದಿನೈದಕ್ಕೆ ಕೊಡಬೇಕಂತೆ.”

“ಹಾಗಾದ್ರೆ ಬೇಗ ಬರ್ಕೊಳ್ಳಿ. ಎಲ್ಲಾ ಒಪ್ಕೋತೀನಿ. ಮೆಷಿನ್ ಬೇಗ ಹೋಗ್ಲಿ.”

ಆರೂ ಹತ್ತಕ್ಕೆ ದಸ್ತಗಿರಿ ಮೆಮೊಗೆ ಸಹಿ ಬಿತ್ತು. ಹೊರಡುವಾಗ ಕೋಣೆಯ ಕಿಟಕಿ ಮುಚ್ಚಿದೆಯೇ ಎಂದು ಅವಳು ತಿರುಗಿ ನೋಡಿದಳು. ಶಾಲಿನ ಪೆಟ್ಟಿಗೆಗೆ ತೇವ ತಾಗಬಾರದಂತೆ.

ಫೆಬ್ರವರಿ ಏಳರಂದು ನ್ಯಾಯಾಲಯ ಮೆಷಿನ್ನನ್ನು ಮುಚ್ಚಳಿಕೆಯ ಮೇಲೆ ದರ್ಜಿಯ ಮಧ್ಯಂತರ ವಶಕ್ಕೆ ಕೊಟ್ಟಿತು. ಅವಳು ತಂಗಿಯೊಂದಿಗೆ ಠಾಣೆಗೆ ಬಂದು ಪೆಟ್ಟಿಗೆ ಬಿಚ್ಚಿ, ಸೂಜಿ ಮುಟ್ಟಿ, ಎಣ್ಣೆಯ ಡಬ್ಬಿ ಮೂಸಿ ನೋಡಿದಳು. ಕೊನೆಗೆ ಪೆಟ್ಟಿಗೆಯ ಬೆನ್ನಿಗಿದ್ದ ಚೀಟಿ ಓದಿದಳು.

“ಮರೆತಿದ್ದಾರೆ ಅಂತೆ! ಸುಳ್ಳು ಸಾರ್ ಇದು. ಕಿತ್ತು ಹಾಕ್ತೀನಿ.”

“ಬೇಡಮ್ಮ, ಬೇಡ. ಸಾಕ್ಷ್ಯ ಅದು. ಕೇಸು ಮುಗಿಯೋವರೆಗೂ ಇರಬೇಕು.”

“ಅವರದೇ ಕದ್ದು ಅವರಿಗೇ ಕೊಡೋಕೆ ಹೊರಟ ಇವಳಿಗೆ ಏನಾಗಿತ್ತಂತೆ?”

ಹೇಳಬಹುದೇ ಎಂದು ರೈಟರ್ ಯೋಚಿಸಿದ. ಮೇಡಂ ಹೇಳಿ ಎಂಬಂತೆ ತಲೆಯಾಡಿಸಿದರು.

ಕಾರ್ಡ್ ಸೆಕ್ಷನ್ನಿನ ಆ ಹೆಂಗಸಿಗೆ ತಾಯಿಯೊಬ್ಬಳೇ ಇದ್ದಳಂತೆ. ಪ್ರತಿ ವರ್ಷ ಮಗಳು ತನ್ನ ಅಂಗಡಿಯ ಒಂದು ಕಾರ್ಡು ಕೊಟ್ಟು, ಅಮ್ಮಾ ನಿನಗಿಷ್ಟವಾದದ್ದು ತಗೋ ಎನ್ನುತ್ತಿದ್ದಳು. ಎಂಟು ವರ್ಷದ ಹಿಂದೆ ತಾಯಿ ತೀರಿಹೋದಳು. ಕಪಾಟಿನ ಬಟ್ಟೆಗಳ ಕೆಳಗೆ ಒಂಬತ್ತು ಕಾರ್ಡು ಸಿಕ್ಕವು, ರುಮಾಲಿನಲ್ಲಿ ಸುತ್ತಿ ಗಂಟು ಹಾಕಿದ್ದವು. ಮಗಳು ಕೊಟ್ಟದ್ದು ಖರ್ಚಾಗಿ ಹೋಗಬಾರದೆಂದು ಇಟ್ಟುಕೊಂಡಿದ್ದಳು. ಒಂಬತ್ತಕ್ಕೂ ಅವಧಿ ಮುಗಿದಿತ್ತು. ವರ್ಷಕ್ಕೊಂದರಂತೆ ಅವನ್ನು ರದ್ದು ಮಾಡಿದ ಬೆರಳು ಮಗಳದ್ದೇ. ಪಟ್ಟಿಯಲ್ಲಿ ಬರೀ ಸಂಖ್ಯೆಗಳಿದ್ದವು. ಅಮ್ಮನದು ಯಾವುದೆಂದು ಅವಳು ನೋಡಿರಲಿಲ್ಲ.

ದರ್ಜಿ ಹೆಂಗಸು ಮೆಷಿನ್ನನ್ನು ಮತ್ತೆ ಪೆಟ್ಟಿಗೆಗಿಟ್ಟು ಮುಚ್ಚಿದಳು. ತಂಗಿ ಪೆಟ್ಟಿಗೆಯ ಒಂದು ತುದಿ ಹಿಡಿದಳು, ಇವಳು ಇನ್ನೊಂದು ತುದಿ. ಚೀಟಿಯ ಮೂಲೆ ಸ್ವಲ್ಪ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು.

“ಇರ್ಲಿ ಬಿಡಿ ಸಾರ್. ಹೊಲಿಯೋವಾಗ ಇದೇನೂ ಅಡ್ಡ ಬರಲ್ಲ.”