ಮುಚ್ಚಬಾರದಿದ್ದ ಬಿರುಕು

"ಇದನ್ನ ಮುಚ್ಚಿದ್ದು ಯಾರು?"

ನಡುರಸ್ತೆಯಲ್ಲಿ ಮಂಡಿಯೂರಿ ಕೂತಿದ್ದ ಅವಳು ತಲೆಯೆತ್ತಿ ಕೇಳಿದಳು. ಕೈಯಲ್ಲಿ ಸ್ಕೇಲು. ಎದುರಿಗೆ, ನಿನ್ನೆಯವರೆಗೆ ಬಿರುಕಿದ್ದ ಜಾಗದಲ್ಲಿ, ಫಳಫಳ ಹೊಳೆಯುವ ಹೊಸ ಡಾಂಬರು.

"ನಾನೇ ಮೇಡಂ." ರಸ್ತೆ ಕೆಲಸದ ಮೇಸ್ತ್ರಿ ಹಲ್ಲು ಬಿಟ್ಟ. "ಬೆಳಿಗ್ಗೆ ಆರಕ್ಕೇ ಬಂದು ಮುಚ್ಚಿದೆ. ಚೆನ್ನಾಗಿ ಕೂತಿದೆ ಅಲ್ವಾ?"

ಶಭಾಷ್‌ಗಿರಿಗೆ ಕಾದು ನಿಂತವನನ್ನು ಕಂಡು ಅವಳ ಪಿತ್ತ ನೆತ್ತಿಗೇರಿತು.

"ಈ ಬಿರುಕಿಗೋಸ್ಕರ ಎಂಟು ತಿಂಗಳು ಕಾದಿದ್ದೀನ್ರೀ. ನಾಳೆ ಪರೀಕ್ಷೆ ಮಾಡೋಕೆ ಸಮಿತಿಯವರು ಬರ್ತಾರೆ. ಬಿರುಕೇ ಇಲ್ಲದ ಮೇಲೆ ಏನನ್ನ ವಾಸಿ ಮಾಡಿ ತೋರಿಸ್ಲಿ?"

ಮೇಸ್ತ್ರಿಯ ಹಲ್ಲು ಒಳಗೆ ಹೋದವು.

ವಿಷಯ ಇಷ್ಟೇ. ಈ ರಸ್ತೆಯ ಒಂದು ತುಂಡಿಗೆ ಹಾಕಿದ ಡಾಂಬರಿಗೆ ಅವಳು ಕೂದಲಿನಷ್ಟು ಸಣ್ಣ ಉಕ್ಕಿನ ಎಳೆಗಳನ್ನು ಬೆರೆಸಿದ್ದಳು. ಮೇಲಿನಿಂದ ಮೈಕ್ರೋವೇವ್ ಹಾಯಿಸಿದರೆ ಎಳೆಗಳು ಕಾದು, ಡಾಂಬರು ಕರಗಿ, ಬಿರುಕು ತಾನಾಗಿಯೇ ಕೂಡಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಗೆದ್ದಾಗಿತ್ತು, ಅದಕ್ಕೂ ಮೊದಲು ಅಮ್ಮನ ಓವನ್ ಬಲಿಯಾಗಿತ್ತು. ನಾಳೆ ರಸ್ತೆಯಲ್ಲಿ ಗೆಲ್ಲದಿದ್ದರೆ ನಾಲ್ಕು ವರ್ಷದ ಕೆಲಸಕ್ಕೆ ಬೀಗ.

"ಮುಚ್ಚು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ." ಅವನು ತಲೆ ತಗ್ಗಿಸಿದ. "ದಿನಾ ಬಂದು ಇದರ ಮುಂದೆ ಸಪ್ಪೆ ಮುಖ ಮಾಡ್ಕೊಂಡು ಕೂರ್ತಿದ್ರಿ. ನಮ್ಮವರೆಲ್ಲ ನಿಮಗೆ ಬಿರುಕು ಮೇಡಂ ಅಂತ ಹೆಸರಿಟ್ಟಿದ್ದಾರೆ. ನಂಗೆ ಮಾತ್ರ… ನೋಡೋಕಾಗ್ತಿರ್ಲಿಲ್ಲ."

ಅಯ್ಯೋ ಪೆದ್ದ, ಅದು ಸಪ್ಪೆ ಮುಖವಲ್ಲ, ಅಳತೆ ತೆಗೆಯುವಾಗಿನ ಮುಖ!

ಆದರೂ ಎದೆಯೊಳಗೆ ಏನೋ ಮೆತ್ತಗಾಯಿತು. ಎಂಟು ತಿಂಗಳಲ್ಲಿ ಎಲ್ಲರೂ ಬಿರುಕಿನ ಬಗ್ಗೆಯೇ ಕೇಳಿದ್ದರು. ಅವಳ ಮುಖ ನೋಡಿದವನು ಇವನೊಬ್ಬನೇ.

ಅವನು ತಲೆ ಕೆರೆದುಕೊಂಡ. "ಒಂದು ಮಾತು ಹೇಳ್ತೀನಿ, ಬೈಬೇಡಿ. ಎಂಟು ತಿಂಗಳ ಹಿಂದೆ ನಿಮ್ಮ ಎಳೆ ಬೆರೆಸಿದ ಮಾಲು ಹಾಕಿದಾಗ ಒಂದಿಷ್ಟು ಉಳಿದಿತ್ತು. ಬಿಸಿ ಮಾಲು ಎಸೆಯೋಕೆ ಮನಸ್ಸಾಗ್ದೆ ಬಸ್ ಸ್ಟಾಪ್ ಮುಂದೆ ಹಾಕಿಬಿಟ್ಟಿದ್ದೆ."

"ಹೇಳ್ದೇ ಕೇಳ್ದೇ?"

"ಹೇಳಿದ್ರೆ ಬೈತಿದ್ರಿ."

"ಈಗೇನು ಮುದ್ದು ಮಾಡ್ತಿದ್ದೀನಾ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಬಸ್ ಸ್ಟಾಪಿಗೆ ನಡೆದರು.

ಎಂಟು ತಿಂಗಳಿಂದ ಬಸ್ಸುಗಳು ಬ್ರೇಕ್ ಹಾಕಿ ಹಾಕಿ ಅಲ್ಲೊಂದು ಉದ್ದನೆಯ ಬಿರುಕು ಬಿಟ್ಟಿತ್ತು. ನಾಲ್ಕು ಮಿಲಿಮೀಟರ್ ಅಗಲ. ಅವಳು ಚಪ್ಪಾಳೆ ತಟ್ಟಿದಳು. ಸ್ಟಾಪಿನಲ್ಲಿದ್ದ ಹೆಂಗಸೊಬ್ಬಳು ಮೆಲ್ಲಗೆ ದೂರ ಸರಿದಳು.

ಮರುದಿನ ಮೈಕ್ರೋವೇವ್ ಹಾಯಿಸುವ, ಚಕ್ರದ ಮೇಲಿನ ಲೋಹದ ಪೆಟ್ಟಿಗೆ ಆ ಬಿರುಕಿನ ಮೇಲೆ ಕೆಲವು ನಿಮಿಷ ಗುಂಯ್‌ಗುಟ್ಟಿತು. ಎತ್ತಿ ನೋಡಿದರೆ ಬಿರುಕಿನ ಬಾಯಿ ಕೂಡಿಕೊಂಡಿತ್ತು. ಸಮಿತಿಯ ಹಿರಿಯರು ಬಗ್ಗಿ ನೋಡಿದರು, ಮತ್ತೆ ಬಗ್ಗಿದರು, ಕೊನೆಗೆ ಇಡೀ ರಸ್ತೆಗೆ ಇದೇ ಮಾಲು ಹಾಕಿ ಎಂದರು.

ಅವಳು ಓಡಿದ್ದು ಬಸ್ಸುಗಳನ್ನು ತಡೆದು ನಿಂತಿದ್ದ ಮೇಸ್ತ್ರಿಯ ಹತ್ತಿರ.

"ಒಪ್ಪಿದ್ರು… ಇಡೀ ರಸ್ತೆಗೆ!"

"ಗೊತ್ತಿತ್ತು." ಅವನು ನಕ್ಕ. "ಇನ್ನು ಬಿರುಕು ಮುಚ್ಚೋಕೆ ನನ್ನನ್ನ ಯಾರೂ ಕರೆಯಲ್ಲ."

ಅವಳ ನಗು ಮಾಯವಾಯಿತು. "ಇದು ಗೊತ್ತಿದ್ದೂ ಆ ಜಾಗ ತೋರಿಸಿದ್ರಾ?"

"ತೋರಿಸ್ದೇ ಇದ್ರೆ ನೀವು ನಾಳೆಯಿಂದ ಈ ರಸ್ತೆಗೆ ಬರ್ತಿರ್ಲಿಲ್ವಲ್ಲ."

ಕಣ್ಣು ತುಂಬಿ ಬಂದರೂ ಅವಳು ಒರೆಸಿಕೊಳ್ಳಲಿಲ್ಲ.

"ಹೊಸ ಮಾಲು ಹಾಕೋಕೆ ಮೇಸ್ತ್ರಿ ಬೇಕು. ನಿಮ್ಮನ್ನೇ ಕೇಳ್ತೀನಿ."

"ಎಷ್ಟು ದಿನಕ್ಕೆ?"

"ರಸ್ತೆಗೆ ಒಂದು ವರ್ಷ."

"ಮತ್ತೆ… ನಿಮಗೆ?"

"ನಂಗೆ ಜೀವನಪೂರ್ತಿ. ಆಗುತ್ತಾ?"

ಅವನು ತಡೆದು ನಿಲ್ಲಿಸಿದ್ದ ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು.

"ಆಗುತ್ತೆ," ಎಂದ ಅವನು, ದಾರಿ ಬಿಡುವುದನ್ನೇ ಮರೆತು.