ಒಂಬತ್ತನೇ ದೋಣಿಯ ಲೋಟ

"ಬಲೆ ಎತ್ತಬೇಡಪ್ಪಾ, ಒಂಬತ್ತನೇ ದೋಣಿ ಇನ್ನೂ ಬಂದಿಲ್ಲ," ಎಂದರು ಲೆಮ್ಯುಯೆಲ್.

ವರ್ಜೀನಿಯಾದ ಜೇಮ್ಸ್ ನದಿಯಲ್ಲಿ ನಿಲ್ಲಿಸಿಟ್ಟ ಹಳೇ ಯುದ್ಧಹಡಗುಗಳಿಗೆ ನಾನು ಕಾವಲುಗಾರ. ಜಪಾನಿನ ಓಕಿನಾವಾ ಯುದ್ಧದಲ್ಲಿ ದೋಣಿದೋಣಿಯಾಗಿ ಮದ್ದುಗುಂಡು ದಡಕ್ಕೆ ಸಾಗಿಸಿದ್ದ, ನಾವಿಬ್ಬರೂ ನಿಂತಿದ್ದ ಈ ಹಡಗನ್ನು ಅವತ್ತು ಮಧ್ಯಾಹ್ನ ಗುಜರಿಗೆ ಎಳೆದೊಯ್ಯುವವರಿದ್ದರು. ಲೆಮ್ಯುಯೆಲ್ ಅದರ ಅಡುಗೆಯವರಾಗಿದ್ದರು. ಒಂಬತ್ತನೇ ದೋಣಿ ನಡೆಸುತ್ತಿದ್ದ ಅವರ ತಮ್ಮ ಓರಿನ್, ಹದಿಮೂರು ವರ್ಷದ ಹಿಂದೆ ಅದೇ ಯುದ್ಧದಲ್ಲಿ ದಡಕ್ಕೆಂದು ಹೋದವನು ಹೋದವನೇ. ದೋಣಿಗಳೆಲ್ಲ ಮರಳುವ ತನಕ ಅದರಲ್ಲಿದ್ದವರು ಮೇಲೆ ಹತ್ತಿ ಬರಲು ಹಡಗಿನ ಪಕ್ಕಕ್ಕೆ ಹಗ್ಗದ ಬಲೆ ಇಳಿಬಿಟ್ಟಿರಬೇಕು, ಕಾಫಿ ಬಿಸಿಯಾಗಿರಬೇಕು. ಅದು ಆ ಹಡಗಿನ ಪದ್ಧತಿ. ಅದಕ್ಕೇ ಅವರು ಫ್ಲಾಸ್ಕಿನಲ್ಲಿ ಕಾಫಿ ತಂದು, ಒಂದು ತಗಡಿನ ಲೋಟಕ್ಕೆ ತುಂಬಿ ಹಡಗಿನ ಅಂಚಿನ ಕಟಕಟೆಯ ಮೇಲಿಟ್ಟಿದ್ದರು.

"ಆರಿಹೋಗುತ್ತೆ ಯಜಮಾನ್ರೇ, ನೀವೇ ಕುಡಿದುಬಿಡಿ."

"ಮುಟ್ಟಿದ್ರೆ ಕೈ ಮುರೀತೀನಿ! ಕುಡಿದ ಲೋಟ ತೊಳೀದೆ ಅಲ್ಲೇ ಬೋರಲು ಹಾಕಿ ಹೋಗೋ ಸೋಮಾರಿ ಅವನು. ಆದ್ರೂ ಅವನ ಪಾಲು ಅವನಿಗೇ."

ಹಡಗನ್ನು ಎಳೆದೊಯ್ಯಲು ಬಂದ ದೋಣಿ ಸಿಳ್ಳೆ ಹಾಕಿತು. ಇನ್ನು ಕಾಯುವಂತಿರಲಿಲ್ಲ. ಇಬ್ಬರೂ ಸೇರಿ ಬಲೆ ಎಳೆದೆವು, ಅದು ಬರಲಿಲ್ಲ. ಗಾಳಿಯಿಲ್ಲದ ಆ ಹೊತ್ತಲ್ಲಿ ಭಾರವೊಂದು ಗಂಟಿನಿಂದ ಗಂಟಿಗೆ ನಿಧಾನವಾಗಿ ಮೇಲೇರಿತು. ಸಮುದ್ರದ ಉಪ್ಪಿನ ವಾಸನೆ ಬಡಿಯಿತು. ಆಮೇಲೆ ಬಲೆ ಹಗುರಾಯಿತು. ಬಗ್ಗಿ ನೋಡಿದರೆ ಯಾರೂ ಇಲ್ಲ.

"ಎಷ್ಟು ಹೊತ್ತು ಮಾಡಿದ್ಯೋ, ಪುಟ್ಟಾ," ಎಂದರು ಲೆಮ್ಯುಯೆಲ್, ನನಗಲ್ಲ.

ಬಲೆ ಸುತ್ತಿಟ್ಟು ತಿರುಗಿದೆ. ಕಟಕಟೆಯ ಮೇಲೆ ಲೋಟ ಬೋರಲಾಗಿತ್ತು. ಎತ್ತಿಕೊಂಡೆ, ಇನ್ನೂ ಬೆಚ್ಚಗಿತ್ತು.